ಈ ಹೊತ್ತಿಗೆ ನದಿಯಲ್ಲಿ ಯಾರಿದ್ದಾರೆ?

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನದಿ, ಕೆರೆಗಳಲ್ಲಿ ಗಾಳ ಹಾಕುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ ಬರೆದಿದ್ದೇನೆ. ಹೊಸ ಓದುಗರಿಗಾಗಿ ನನ್ನ ಬಗ್ಗೆ ಎರಡು ಮಾತು. ನಾನು ಚಿಲ್ಲಿವಾಕ್‌ನಲ್ಲಿ ಶಾಲೆ ಬಸ್ ಓಡಿಸುತ್ತೇನೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟರೆ ಮತ್ತೆ ಕರೆದುಕೊಂಡು ಬರುವವರೆಗೆ ಬಿಡುವು. ಆ ನಾಲ್ಕೈದು ಗಂಟೆ ವೆಡರ್ ನದಿಯ ದಡದಲ್ಲಿರುತ್ತೇನೆ. ಹೀಗೆ 19 ವರ್ಷ ಆಯಿತು.

ಅಕ್ಕಾ, ನನ್ನ ಮಗನಿಗೆ 10 ವರ್ಷ. ಸಾಲ್ಮನ್ ಹಿಡಿಯಲೇಬೇಕು ಅಂತ ಹಟ ಹಿಡಿದಿದ್ದಾನೆ. ಯಾವ ತಿಂಗಳು ಕರೆದುಕೊಂಡು ಹೋಗಲಿ? ಅವನಿಗೂ ಲೈಸೆನ್ಸ್ ಬೇಕಾ?
– ಸರ್ರೆಯಿಂದ ಒಬ್ಬ ತಾಯಿ

ಮೊದಲು ಮಗನಿಗೆ ಒಂದು ವಿಷಯ ಹೇಳಿಕೊಡಿ. ಮೊಟ್ಟೆ ಇಡಲು ಸಮುದ್ರದಿಂದ ಫ್ರೇಸರ್ ನದಿಗೆ ಐದು ಜಾತಿಯ ಸಾಲ್ಮನ್ ಹತ್ತುತ್ತವೆ. ಚಿನೂಕ್, ಸಾಕೈ, ಪಿಂಕ್, ಕೋಹೊ, ಚಮ್. ಒಂದೊಂದಕ್ಕೂ ಅದರದೇ ಕಾಲ. ನಾನು ಮನೆಯಿಂದ ಹೊರಡುವಾಗ ‘ಈ ಹೊತ್ತಿಗೆ ನದಿಯಲ್ಲಿ ಯಾರಿದ್ದಾರೆ’ ಅಂತ ಕೇಳಿಕೊಂಡೇ ಹೊರಡುತ್ತೇನೆ. ರಾಡ್, ರೀಲ್ ಎಲ್ಲ ಆಮೇಲೆ.

ಚಿನೂಕ್ ಎಲ್ಲಕ್ಕಿಂತ ದೊಡ್ಡದು. ವಸಂತದಿಂದ ಶರತ್ಕಾಲದವರೆಗೆ ಬೇರೆ ಬೇರೆ ಗುಂಪಾಗಿ ಬರುತ್ತದೆ. ಸಾಕೈ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಇದರಲ್ಲಿ ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಹಿಂಡು ಬರುತ್ತದೆ. ಆಡಮ್ಸ್ ನದಿಯ ದೊಡ್ಡ ಹಿಂಡು 2010, 2014, 2018, 2022ರಲ್ಲಿ ಬಂತು. ಆ ಲೆಕ್ಕದಲ್ಲಿ ಮುಂದಿನದು 2026. ಕೋಹೊ, ಚಮ್ ಎರಡೂ ಮಳೆ ಶುರುವಾದ ಮೇಲೆ, ಅಕ್ಟೋಬರ್, ನವೆಂಬರ್‌ನಲ್ಲಿ ಜೋರು.

ನಿಮ್ಮ ಮಗನಿಗೆ ಸರಿಯಾದದ್ದು ಪಿಂಕ್. ಅದರ ಆಯಸ್ಸು ಸರಿಯಾಗಿ ಎರಡು ವರ್ಷ. ಹಾಗಾಗಿ ಫ್ರೇಸರ್‌ನಲ್ಲಿ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ ಹಿಂಡು ಹಿಂಡಾಗಿ ಬರುತ್ತದೆ. ಸುಮಾರು ಎರಡು ಕಿಲೋ ತೂಗುತ್ತದೆ. ಹತ್ತು ವರ್ಷದ ಹುಡುಗ ತಾನೇ ರೀಲ್ ಸುತ್ತಿ ಎಳೆದುಕೊಳ್ಳಬಹುದು. ಗುಲಾಬಿ ಬಣ್ಣದ ಪುಟ್ಟ ಸ್ಪೂನ್ (ಮೀನನ್ನು ಸೆಳೆಯುವ, ಚಮಚದಂಥ ಲೋಹದ ತುಂಡು) ಸಾಕು. ಸೆಪ್ಟೆಂಬರ್‌ನಲ್ಲಿ ಬೆಳಿಗ್ಗೆ ಬೇಗ ಹೋಗಿ. ನಿಧಾನವಾಗಿ ಹರಿಯುವ ಮಡು ನೋಡಿ ನಿಲ್ಲಿಸಿ. ಮೀನು ನೀರಿನ ಮೇಲೆ ಬೆನ್ನು ತೋರಿಸುತ್ತಾ ಹೋಗುವುದು ಅವನಿಗೇ ಕಾಣುತ್ತದೆ. ಮಕ್ಕಳಿಗೆ ಮೀನು ಸಿಗುವುದಕ್ಕಿಂತ ಮೊದಲು ಮೀನು ಕಾಣಬೇಕು. ಕಾಣದ ನೀರಿಗೆ ಗಾಳ ಹಾಕಿ ಎರಡು ಗಂಟೆ ನಿಲ್ಲು ಅಂದರೆ ಮುಂದಿನ ಸಲ ಬರುವುದಿಲ್ಲ.

ಈಗ ಲೈಸೆನ್ಸ್ ವಿಷಯ. ಇಲ್ಲಿ ವಾಸವಿರುವ 16 ವರ್ಷದೊಳಗಿನ ಮಕ್ಕಳಿಗೆ ಸಿಹಿನೀರಿನಲ್ಲಿ ಲೈಸೆನ್ಸ್ ಬೇಡ. ನೀವು ರಾಡ್ ಹಿಡಿಯುವುದಾದರೆ ನಿಮಗೆ ಬೇಕು. ಸಾಲ್ಮನ್ ಮನೆಗೆ ತರಬೇಕಾದರೆ ಅದಕ್ಕೆ ಬೇರೆ ಶುಲ್ಕ ಸೇರಿಸಿಕೊಳ್ಳಬೇಕು. ಮಿಷನ್ ಊರಿನ ರೈಲು ಸೇತುವೆ ಇಲ್ಲಿಯ ಗಡಿ. ಅದರ ಮೇಲ್ಭಾಗ ಸಿಹಿನೀರಿನ ಲೆಕ್ಕ, ಪ್ರಾಂತ್ಯದ ಲೈಸೆನ್ಸ್. ಕೆಳಗಡೆ ಸಮುದ್ರದ ಉಬ್ಬರ ಇಳಿತದ ನೀರು, ಕೇಂದ್ರ ಸರ್ಕಾರದ ಲೈಸೆನ್ಸ್. ಅಲ್ಲಿ ಮಕ್ಕಳಿಗೂ ಲೈಸೆನ್ಸ್ ಬೇಕು, ಆದರೆ ದುಡ್ಡಿಲ್ಲ. ಎರಡೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ನಡೆಯುತ್ತವೆ.

ಇಷ್ಟಾದರೂ, ಹೊರಡುವ ಹಿಂದಿನ ರಾತ್ರಿ ಮೀನುಗಾರಿಕೆ ಇಲಾಖೆಯ ಪ್ರಕಟಣೆ ನೋಡಲೇಬೇಕು. ಯಾವ ಜಾತಿ ತೆರೆದಿದೆ, ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದು ಸೀಸನ್ ಮಧ್ಯದಲ್ಲೇ ಬದಲಾಗುತ್ತದೆ. ನಾನೊಮ್ಮೆ ಹಿಂದಿನ ವಾರ ಓದಿದ್ದನ್ನೇ ನಂಬಿ ಹೋಗಿದ್ದೆ. ಎರಡು ದಿನ ಮೊದಲೇ ಮುಚ್ಚಿದ್ದರು. ದಡದಲ್ಲಿದ್ದ ಹಿರಿಯರೊಬ್ಬರು ಹೇಳಿದ್ದಕ್ಕೆ ಗಾಳ ನೀರಿಗೆ ಬೀಳುವ ಮೊದಲೇ ಗೊತ್ತಾಯಿತು.

ನಾನು ಕೋಹೊ ಅಂದುಕೊಂಡು ಮೀನು ಎತ್ತಿದೆ. ಪಕ್ಕದವರು ‘ಬಿಡು, ಬಿಡು’ ಅಂತ ಕೂಗಿದರು. ಏನು ತಪ್ಪು ಮಾಡಿದೆ ಅಂತ ಇನ್ನೂ ಅರ್ಥವಾಗಿಲ್ಲ.
– ಆಬಟ್ಸ್‌ಫರ್ಡ್‌ನಿಂದ ಓದುಗರೊಬ್ಬರು

ಎರಡರಲ್ಲಿ ಒಂದು ಆಗಿರಬೇಕು. ಅದು ಕೋಹೊ ಅಲ್ಲದೆ ಇರಬಹುದು. ಇಲ್ಲವೇ ಕಾಡು ಕೋಹೊ ಇರಬಹುದು.

ಸಮುದ್ರದಿಂದ ಈಗಷ್ಟೇ ಬಂದ ಸಾಲ್ಮನ್‌ಗಳೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತವೆ. ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಬಾಯಿ ಮತ್ತು ಬಾಲ ನೋಡಿ. ಕೆಳದವಡೆಯಲ್ಲಿ ಹಲ್ಲಿನ ಬುಡದ ವಸಡು ಕಪ್ಪಗಿದ್ದರೆ ಚಿನೂಕ್. ಬಾಯೊಳಗೆ ಕಪ್ಪಿದ್ದು ವಸಡು ಮಾತ್ರ ಬೆಳ್ಳಗಿದ್ದರೆ ಕೋಹೊ. ಬಾಲದ ಮೇಲಿನ ಅರ್ಧ, ಕೆಳಗಿನ ಅರ್ಧ ಎರಡರಲ್ಲೂ ಚುಕ್ಕೆ ಇದ್ದರೆ ಚಿನೂಕ್. ಮೇಲರ್ಧದಲ್ಲಿ ಮಾತ್ರ ಇದ್ದರೆ ಕೋಹೊ. ಪಿಂಕ್‌ಗೆ ಮೊಟ್ಟೆಯಾಕಾರದ ದೊಡ್ಡ ದೊಡ್ಡ ಮಚ್ಚೆಗಳು, ಬಾಲದ ತುಂಬಾ. ಸಾಕೈ, ಚಮ್ ಎರಡಕ್ಕೂ ಅಂಥ ಚುಕ್ಕೆ ಇಲ್ಲ. ಚಮ್ ಸ್ವಲ್ಪ ದಿನ ನದಿಯಲ್ಲಿದ್ದರೆ ಮೈಮೇಲೆ ನೇರಳೆ, ಹಸಿರು ಪಟ್ಟೆ ಮೂಡುತ್ತದೆ. ಆಮೇಲೆ ಯಾರಿಗೂ ಗೊಂದಲ ಇರುವುದಿಲ್ಲ.

ಇನ್ನು ಕಾಡು ಮೀನು, ಹ್ಯಾಚರಿ ಮೀನಿನ ವ್ಯತ್ಯಾಸ. ಹ್ಯಾಚರಿ ಅಂದರೆ ಮೀನಿನ ಮರಿ ಬೆಳೆಸಿ ನದಿಗೆ ಬಿಡುವ ಜಾಗ. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಬೆರಳ ತುದಿಯಷ್ಟು ದೊಡ್ಡ, ಮೆತ್ತನೆಯ ಒಂದು ರೆಕ್ಕೆ ಇರುತ್ತದೆ. ಹ್ಯಾಚರಿಯಲ್ಲಿ ಮರಿಯಾಗಿದ್ದಾಗಲೇ ಅದನ್ನು ಕತ್ತರಿಸಿ ಬಿಡುತ್ತಾರೆ. ರೆಕ್ಕೆ ಇಲ್ಲದೆ ಆ ಜಾಗದಲ್ಲಿ ಮಾಗಿದ ಗಾಯದ ಗುರುತು ಇದ್ದರೆ ಹ್ಯಾಚರಿ ಕೋಹೊ. ವೆಡರ್‌ನಲ್ಲಿ ಮನೆಗೆ ತರಬಹುದಾದ ಕೋಹೊ ಅದೊಂದೇ. ಪುಟ್ಟ ರೆಕ್ಕೆ ಇದ್ದರೆ ಅದು ನದಿಯಲ್ಲೇ ಹುಟ್ಟಿದ್ದು. ಅದನ್ನು ಬಿಡಬೇಕು.

ಇದನ್ನೆಲ್ಲ ಮೀನು ನೀರಿನಲ್ಲಿರುವಾಗಲೇ ನೋಡಬೇಕು. ನಾನು ಗಾಳ ಹಿಡಿದ ಮೂರನೇ ವರ್ಷ, ಒಂದು ಅಕ್ಟೋಬರ್. ಒಂದು ಕೋಹೊವನ್ನು ಎತ್ತಿ ಕಲ್ಲಿನ ಮೇಲಿಟ್ಟು, ಬಗ್ಗಿ, ತಿರುಗಿಸಿ ರೆಕ್ಕೆ ಹುಡುಕಿದೆ. ರೆಕ್ಕೆ ಇತ್ತು. ಕಾಡು ಮೀನು, ಹೆಣ್ಣು. ನೀರಿಗೆ ಬಿಟ್ಟರೆ ಮಗ್ಗುಲಾಗಿ ಮಲಗಿಬಿಟ್ಟಿತು. ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡು ಹತ್ತು ನಿಮಿಷ ನಿಂತೆ. ಕೊನೆಗೆ ಹೋಯಿತು. ಮೊಟ್ಟೆ ಇಡುವವರೆಗೆ ಬದುಕಿತೋ ಇಲ್ಲವೋ. ಅವತ್ತಿನಿಂದ ಗಂಟಿಲ್ಲದ ರಬ್ಬರ್ ಬಲೆ ಇಟ್ಟುಕೊಂಡಿದ್ದೇನೆ. ಮೀನು ಬಲೆಯೊಳಗೆ, ಬಲೆ ನೀರೊಳಗೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತೇನೆ. ಒಣ ಕೈ ತಗುಲಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಸೋಂಕು ತಡೆಯುವುದು ಆ ಲೋಳೆಯೇ. ನಿಮ್ಮ ಪಕ್ಕದವರು ಕೂಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮೀನಿನ ಮೇಲಿನ ಕಾಳಜಿಯಿಂದ ಕೂಗಿದ್ದಾರೆ.

ನದಿಗೆ ಬಂದ ಮೇಲೆ ಸಾಲ್ಮನ್ ಏನೂ ತಿನ್ನುವುದಿಲ್ಲ ಅಂತ ಓದಿದೆ. ಮತ್ತೆ ಗಾಳ ಯಾಕೆ ಕಚ್ಚುತ್ತದೆ?
– ಬರ್ನಬಿಯಿಂದ ವಿದ್ಯಾರ್ಥಿನಿ

ಓದಿದ್ದು ಸರಿ. ಹೊಟ್ಟೆಯೇ ಕುಗ್ಗಿಹೋಗಿರುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ನೂರಾರು ಕಿಲೋಮೀಟರ್ ಹತ್ತುತ್ತವೆ. ಆದರೂ ಹಳೇ ರೂಢಿಗೋ ರೇಗಿಯೋ ಕಣ್ಣೆದುರು ಬಂದದ್ದನ್ನು ಕಚ್ಚುತ್ತವೆ. ಕೋಹೊ ಚೆನ್ನಾಗಿ ಕಚ್ಚುತ್ತದೆ. ಫ್ರೇಸರ್‌ನ ಕೆಸರು ನೀರಿನಲ್ಲಿ ಸಾಕೈ ಕಚ್ಚುವುದು ತೀರಾ ಕಡಿಮೆ. ಅದಕ್ಕೇ ಕೆಲವರು ಉದ್ದದ ದಾರ ಕಟ್ಟಿ, ಸೀಸದ ಗುಂಡನ್ನು ತಳದಲ್ಲಿ ಕುಣಿಸುತ್ತಾ ಹೋಗುತ್ತಾರೆ. ಬಾಯಿ ತೆರೆದ ಮೀನಿಗೆ ದಾರ ಅಡ್ಡ ಬಂದು ಗಾಳ ಹೊರಗಿನಿಂದ ಚುಚ್ಚುತ್ತದೆ. ನನಗೆ ಅದು ಮನಸ್ಸಿಗೆ ಒಪ್ಪುವುದಿಲ್ಲ. ಬೇಕೆಂದೇ ಮೈಗೆ ಚುಚ್ಚಿ ಹಿಡಿಯುವುದಂತೂ ಕಾನೂನಿಗೇ ವಿರುದ್ಧ. ಅಕಸ್ಮಾತ್ ಹಾಗೆ ಚುಚ್ಚಿಕೊಂಡ ಮೀನನ್ನೂ ಬಿಡಬೇಕು.

ಮೇಡಂ, ನನ್ನ ಗಂಡನ 40ನೇ ಹುಟ್ಟುಹಬ್ಬಕ್ಕೆ ಗೈಡ್ ಜೊತೆ ಸ್ಟರ್ಜನ್ ಹಿಡಿಯಲು ಹೋಗುತ್ತಿದ್ದೇವೆ. ದೊಡ್ಡ ಮೀನನ್ನು ತೋಳಲ್ಲಿ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬೇಕು ಅಂತ ಅವರ ಆಸೆ. ಏನು ಸಿದ್ಧತೆ ಬೇಕು?
– ಕೊಕ್ವಿಟ್ಲಮ್‌ನಿಂದ ಓದುಗರೊಬ್ಬರು

ಆಸೆ ನನಗೆ ಅರ್ಥವಾಗುತ್ತದೆ. ಆದರೆ ಎತ್ತಿಕೊಳ್ಳುವುದು ಬೇಡ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದೂವರೆ ಮೀಟರಿಗಿಂತ ಉದ್ದದ ಸ್ಟರ್ಜನ್ ಅನ್ನು ನೀರಿನಿಂದ ಎತ್ತಬಾರದು. ಒಳ್ಳೆ ಗೈಡ್ ತಾವಾಗಿಯೇ ದೋಣಿಯನ್ನು ದಡಕ್ಕೆ ತಂದು, ಮೊಣಕಾಲುದ್ದ ನೀರಿನಲ್ಲಿ ನಿಮ್ಮನ್ನು ಇಳಿಸುತ್ತಾರೆ. ಮೀನಿನ ಪಕ್ಕ ಮಂಡಿಯೂರಿ ಕೂತು ತೆಗೆಸಿದ ಫೋಟೊ ತುಂಬಾ ಚೆನ್ನಾಗಿ ಬರುತ್ತದೆ. ನೀರು ಚಳಿ ಇರುತ್ತದೆ, ಎದೆಯವರೆಗೆ ಬರುವ ವೇಡರ್ (ನೀರು ಒಳಗೆ ಬಿಡದ ಉಡುಪು) ಕೇಳಿ ಇಟ್ಟುಕೊಳ್ಳಿ.

ಯಾಕೆ ಎತ್ತಬಾರದು? ಈ ಮೀನಿಗೆ ನಮ್ಮ ಹಾಗೆ ಗಟ್ಟಿ ಎಲುಬಿನ ಹಂದರ ಇಲ್ಲ. ನಮ್ಮ ಕಿವಿಯ ಹಾಗೆ ಬಾಗುವ ಮೆತ್ತನೆಯ ಎಲುಬು. ಅಷ್ಟು ದೊಡ್ಡ ಮೈಯನ್ನು ಹೊತ್ತಿರುವುದು ನೀರು. ಮೇಲೆತ್ತಿದರೆ ಅದರ ಭಾರವೇ ಅದರ ಒಳಗಿನ ಅಂಗಗಳನ್ನು ಜಗ್ಗುತ್ತದೆ.

ಫ್ರೇಸರ್‌ನಲ್ಲಿರುವುದು ಬಿಳಿ ಸ್ಟರ್ಜನ್. ಉತ್ತರ ಅಮೆರಿಕದ ಸಿಹಿನೀರಿನಲ್ಲಿ ಇದಕ್ಕಿಂತ ದೊಡ್ಡ ಮೀನಿಲ್ಲ. ನೂರು ವರ್ಷ ದಾಟಿ ಬದುಕಬಲ್ಲದು. ಹುರುಪೆ ಇಲ್ಲ, ಬದಲಿಗೆ ಮೈಯುದ್ದಕ್ಕೂ ಐದು ಸಾಲು ಎಲುಬಿನ ಬಿಲ್ಲೆಗಳು. ಮೂತಿಯ ಕೆಳಗೆ ನಾಲ್ಕು ಮೀಸೆ. ಹಲ್ಲಿಲ್ಲದ ಬಾಯಿ ಕೊಳವೆಯ ಹಾಗೆ ಹೊರಗೆ ಚಾಚಿ ತಳದಲ್ಲಿದ್ದದ್ದನ್ನು ಹೀರಿಕೊಳ್ಳುತ್ತದೆ. ಹೆಣ್ಣು ಮೀನು ಮೊದಲ ಸಲ ಮೊಟ್ಟೆ ಇಡಬೇಕಾದರೆ 20 ವರ್ಷಕ್ಕೂ ಜಾಸ್ತಿ ಕಾಯಬೇಕು. ಆಮೇಲೂ ಪ್ರತಿ ವರ್ಷ ಇಡುವುದಿಲ್ಲ, ಕೆಲವು ವರ್ಷಕ್ಕೊಮ್ಮೆ. ಇಷ್ಟು ನಿಧಾನ ಬೆಳೆಯುವ ಮೀನು ಒಮ್ಮೆ ಕಡಿಮೆಯಾದರೆ ಮತ್ತೆ ತುಂಬಿಕೊಳ್ಳಲು ಮನುಷ್ಯರ ಎರಡು ಮೂರು ತಲೆಮಾರು ಬೇಕು. 1890ರ ದಶಕದಲ್ಲಿ ಮಾರಾಟಕ್ಕೆ ಅಂತ ವಿಪರೀತ ಹಿಡಿದರು. ಕೆಲವೇ ವರ್ಷಗಳಲ್ಲಿ ಮೀನು ಮುಗಿಯುತ್ತಾ ಬಂತು. ನೂರು ವರ್ಷ ಕಳೆದು, 1993, 1994ರಲ್ಲಿ ಹಲವು ದೊಡ್ಡ ಸ್ಟರ್ಜನ್‌ಗಳು ಸತ್ತು ದಡಕ್ಕೆ ಬಂದವು. 1994ರಿಂದ ಹಿಡಿದದ್ದನ್ನೆಲ್ಲ ಬಿಡುವುದು ಕಡ್ಡಾಯ. ಒಂದನ್ನೂ ಇಟ್ಟುಕೊಳ್ಳುವ ಹಾಗಿಲ್ಲ.

ನಿಮ್ಮ ಗಂಡನಿಗೆ ಇನ್ನೂ ಒಳ್ಳೆಯ ಉಡುಗೊರೆ ಬೇಕಾದರೆ, ಸ್ಟರ್ಜನ್‌ಗೆ ಗುರುತಿನ ಚಿಪ್ ಹಾಕುವ ಗೈಡ್ ಅನ್ನು ಹುಡುಕಿ. ಫ್ರೇಸರ್ ರಿವರ್ ಸ್ಟರ್ಜನ್ ಕನ್ಸರ್ವೇಷನ್ ಸೊಸೈಟಿ ಅಂತ 1997ರಲ್ಲಿ ಶುರುವಾದ ಸಂಸ್ಥೆ ಇದೆ. ಅವರಿಂದ ತರಬೇತಿ ಪಡೆದ ಸ್ವಯಂಸೇವಕರು ಅಕ್ಕಿಕಾಳಿನಷ್ಟು ಚಿಪ್ ಅನ್ನು ಚರ್ಮದಡಿ ಸೇರಿಸುತ್ತಾರೆ. ಉದ್ದ, ಸುತ್ತಳತೆ ಬರೆದುಕೊಳ್ಳುತ್ತಾರೆ. ಮುಂದೆ ಯಾರೋ ಅದನ್ನೇ ಹಿಡಿದಾಗ ಎಷ್ಟು ಬೆಳೆಯಿತು, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ. ನಾನು ಒಮ್ಮೆ ಅಂಥ ದೋಣಿಯಲ್ಲಿದ್ದೆ. ಹ್ಯಾರಿಸನ್ ನದಿ ಫ್ರೇಸರ್‌ಗೆ ಸೇರುವ ಕಡೆ, ಎರಡು ಮೀಟರ್ ದಾಟಿದ ಮೀನು. ಸ್ಕ್ಯಾನರ್ ಆಡಿಸಿದಾಗ ಕೀಚ್ ಅಂತ ಸದ್ದಾಯಿತು. ಅಂದರೆ ಮೊದಲೇ ಯಾರೋ ಇದನ್ನು ಹಿಡಿದು, ಅಳೆದು, ಜೋಪಾನವಾಗಿ ಬಿಟ್ಟಿದ್ದಾರೆ. ನನ್ನ ಅಂಗೈ ಅದರ ಉಪ್ಪುಕಾಗದದಂಥ ಚರ್ಮದ ಮೇಲಿತ್ತು. ಆ ಗುರುತಿಲ್ಲದ ಮನುಷ್ಯರ ಮೇಲೆ ತುಂಬಾ ಪ್ರೀತಿ ಬಂತು.

ಸಿದ್ಧತೆಗೆ ಬಂದರೆ, ಸ್ಟರ್ಜನ್‌ಗೆ ಬೇರೆ ಲೈಸೆನ್ಸ್ ಇದೆ, ಇಬ್ಬರಿಗೂ ಮಾಡಿಸಿ. ಗಾಳ ಒಂದೇ ಇರಬೇಕು, ಅದರ ತುದಿಯಲ್ಲಿ ಹಿಮ್ಮುಖದ ಮುಳ್ಳು ಇರಬಾರದು. ರಾಡ್, ದಾರ ಗಟ್ಟಿ ಇರಲಿ. ಸಣ್ಣ ದಾರದಲ್ಲಿ ಎರಡು ಗಂಟೆ ಆಡಿಸಿದೆ ಅನ್ನುವುದು ಹೆಮ್ಮೆಯ ವಿಷಯ ಅಲ್ಲ. ಮೀನು ಸುಸ್ತಾಗಿ ಸಾಯಬಹುದು. ಜೂನ್, ಜುಲೈ ಅದು ಮೊಟ್ಟೆ ಇಡುವ ಕಾಲ. ಆಗಸ್ಟ್‌ನಲ್ಲಿ ನೀರು ಬೆಚ್ಚಗಾದಾಗಲೂ ಅದಕ್ಕೆ ಕಷ್ಟ. ಹುಟ್ಟುಹಬ್ಬ ಯಾವಾಗಲೇ ಇರಲಿ, ಅಕ್ಟೋಬರ್‌ಗೆ ಇಟ್ಟುಕೊಳ್ಳಿ. ಸತ್ತ ಸಾಲ್ಮನ್ ತಿನ್ನಲು ಅವು ಚುರುಕಾಗಿ ಓಡಾಡುತ್ತಿರುತ್ತವೆ. ನೀರೂ ತಣ್ಣಗಿರುತ್ತದೆ.

ಕ್ಯಾಮ್‌ಲೂಪ್ಸ್ ಕಡೆಯ ಕೆರೆಗೆ ಹೋಗಿದ್ದೆವು. ಐಸ್ ಕರಗಿ ಒಂದು ವಾರ ಆಗಿತ್ತು ಅಷ್ಟೆ. ಎಲ್ಲರೂ ಅದೇ ಒಳ್ಳೆ ಸಮಯ ಅಂದಿದ್ದರು. ಎರಡು ದಿನದಲ್ಲಿ ಒಂದು ಟ್ರೌಟ್ ಕೂಡ ಇಲ್ಲ. ನೀರು ಕಂದು ಬಣ್ಣ, ಒಂಥರಾ ವಾಸನೆ.
– ಲ್ಯಾಂಗ್ಲಿಯಿಂದ ಇಬ್ಬರು ಸ್ನೇಹಿತರು

ಬಣ್ಣ ಮತ್ತು ವಾಸನೆ ಬರೆದದ್ದು ಒಳ್ಳೆಯದಾಯಿತು. ಕಾರಣ ಅದರಲ್ಲೇ ಇದೆ. ನೀವು ಹೋದಾಗ ಕೆರೆ ಮಗುಚುತ್ತಿತ್ತು.

ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಚಳಿಗಾಲದಲ್ಲಿ ಆ ಭಾರದ ನೀರು ತಳದಲ್ಲಿರುತ್ತದೆ. ಅದಕ್ಕಿಂತ ತಣ್ಣಗಿನ ನೀರು ಮೇಲೆ, ಐಸ್ ಅಡಿಯಲ್ಲಿ. ಐಸ್ ಹೋದ ಮೇಲೆ ಮೇಲ್ನೀರು ಬಿಸಿಲಿಗೆ 4 ಡಿಗ್ರಿಗೆ ಬರುತ್ತದೆ. ಆಗ ಮೇಲೆ ಕೆಳಗೆ ಎಲ್ಲ ಒಂದೇ ತೂಕ. ಸ್ವಲ್ಪ ಗಾಳಿ ಬೀಸಿದರೂ ಇಡೀ ಕೆರೆ ಕಲಸಿಹೋಗುತ್ತದೆ. ಚಳಿಗಾಲವಿಡೀ ತಳದಲ್ಲಿ ಕೊಳೆತದ್ದು ಮೇಲೆ ಬರುತ್ತದೆ, ಅಲ್ಲಿ ಉಸಿರಾಡಲು ಆಮ್ಲಜನಕ ಕಡಿಮೆ. ಮೀನಿಗೆ ತಿನ್ನುವ ಮನಸ್ಸಿರುವುದಿಲ್ಲ. ಒಂದೆರಡು ವಾರದಲ್ಲಿ ತಿಳಿಯಾಗುತ್ತದೆ. ಕೆರೆ ಮತ್ತೆ ಉಸಿರು ತುಂಬಿಕೊಂಡ ಮೇಲೆ ಟ್ರೌಟ್ ಹಸಿದು ಓಡಾಡುತ್ತದೆ.

ಹೀಗೆ ಸಿಕ್ಕಿಬಿದ್ದರೆ ಅಲ್ಲೇ ಕಾಯಬೇಡಿ. ಕಾರು ಹತ್ತಿ ತಗ್ಗಿನ ಕೆರೆಗೆ ಇಳಿಯಿರಿ. ಅಲ್ಲಿ ಐಸ್ ಮೊದಲೇ ಹೋಗಿ ಮಗುಚುವುದು ಮುಗಿದಿರುತ್ತದೆ. ಆಮೇಲೆ ವಾರ ವಾರ ಎತ್ತರಕ್ಕೆ ಹತ್ತುತ್ತಾ ಹೋಗಬಹುದು. ನಾನು ಮೇ ತಿಂಗಳ ರಜೆಯನ್ನು ಹೀಗೇ ಕಳೆಯುತ್ತೇನೆ.

ಮೇಲ್ನೀರು 10ರಿಂದ 15 ಡಿಗ್ರಿ ಇದ್ದಾಗ ರೇನ್‌ಬೋ ಟ್ರೌಟ್‌ಗೆ ಹಬ್ಬ. ಆಗ ಕೈರೊನೊಮಿಡ್ ಅನ್ನುವ, ಸೊಳ್ಳೆಯಂತಿದ್ದರೂ ಕಚ್ಚದ ಹುಳುಗಳು ತಳದ ಕೆಸರಿನಿಂದ ಮೇಲೆದ್ದು ಬರುತ್ತವೆ. ಅದೇ ಆಕಾರದ ಪುಟ್ಟ ಫ್ಲೈ (ಹುಳುವಿನಂತೆ ಕಾಣುವ ಗಾಳ) ಅನ್ನು ನೀರಿನ ಮೇಲೆ ತೇಲುವ ಬುರುಡೆಯ ಕೆಳಗೆ ಕಟ್ಟಿ, ತಳಕ್ಕಿಂತ ಒಂದಡಿ ಮೇಲೆ ನಿಲ್ಲುವ ಹಾಗೆ ಬಿಡಿ. ಎಳೆಯಬೇಡಿ. ಸುಮ್ನೆ ಬಿಟ್ಟು ಬುರುಡೆ ನೋಡುತ್ತಾ ಕೂತಿರಿ. ಜುಲೈ, ಆಗಸ್ಟ್‌ನಲ್ಲಿ ನೀರು 20 ಡಿಗ್ರಿ ದಾಟಿದರೆ ನಾನು ಗಾಳ ಹಾಕುವುದಿಲ್ಲ. ಬಿಟ್ಟ ಮೀನೂ ಬದುಕುವುದು ಕಷ್ಟ.

ಸ್ಟೀಲ್‌ಹೆಡ್ ಸಾಲ್ಮನ್ನಾ, ಟ್ರೌಟಾ? – ಮಿಷನ್‌ನಿಂದ

ಸಮುದ್ರಕ್ಕೆ ಹೋಗಿ ಬಂದ ರೇನ್‌ಬೋ ಟ್ರೌಟ್. ಎರಡೂ ಒಂದೇ ಜಾತಿ. ಇಲ್ಲಿಯ ಸಾಲ್ಮನ್‌ಗಳು ಮೊಟ್ಟೆಯಿಟ್ಟು ಸಾಯುತ್ತವೆ. ಸ್ಟೀಲ್‌ಹೆಡ್ ಬದುಕಿ ಸಮುದ್ರಕ್ಕೆ ಹೋಗಿ ಮತ್ತೆ ಬರಬಹುದು. ವೆಡರ್‌ನಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಸಿಗುತ್ತದೆ. ಥಾಂಪ್ಸನ್ ಮತ್ತು ಚಿಲ್ಕೋಟಿನ್ ನದಿಗಳ ಸ್ಟೀಲ್‌ಹೆಡ್ ಮಾತ್ರ ಅಳಿವಿನ ಅಂಚಿನಲ್ಲಿವೆ ಅಂತ 2018ರಲ್ಲೇ ತಜ್ಞರ ಸಮಿತಿ ಹೇಳಿತು. ಅವು ಹಾದುಹೋಗುವ ಕಾಲದಲ್ಲಿ ಫ್ರೇಸರ್‌ನಲ್ಲಿ ಮುಚ್ಚುವಿಕೆ ಬಂದರೆ ದಯವಿಟ್ಟು ಗೊಣಗಬೇಡಿ.

ನಮಗೆ ಸಾಕೈ ಮುಚ್ಚಿದೆ ಅಂತಾರೆ. ಅದೇ ದಿನ ಮೂಲನಿವಾಸಿಗಳ ಬಲೆ ನದಿಯಲ್ಲಿರುತ್ತದೆ. ಇದು ನ್ಯಾಯವಾ?
– ಚಿಲ್ಲಿವಾಕ್‌ನಿಂದ

ನ್ಯಾಯ ಅಂತಲೇ ನನ್ನ ನಂಬಿಕೆ. ಮಸ್ಕ್ವಿಯಂ ಜನಾಂಗದ ರೊನಾಲ್ಡ್ ಸ್ಪ್ಯಾರೊ ಅವರ ಮೇಲೆ 1984ರಲ್ಲಿ, ಅನುಮತಿಗಿಂತ ಉದ್ದದ ಬಲೆ ಹಾಕಿದರು ಅಂತ ಕೇಸ್ ಆಯಿತು. 1990ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೊದಲು ಮೀನಿನ ಉಳಿವು. ಅದರ ನಂತರ ಮೂಲನಿವಾಸಿಗಳ ಊಟ ಮತ್ತು ಆಚರಣೆಗೆ ಬೇಕಾದ ಮೀನು. ಉಳಿದವರೆಲ್ಲ ಆಮೇಲೆ. ಇಲ್ಲಿಯ ಸ್ಟೋಲೊ ಜನರ ಹೆಸರಿಗೇ ನದಿ ಅಂತ ಅರ್ಥ. ಜುಲೈನಲ್ಲಿ ಯೇಲ್ ಊರಿನ ಮೇಲಿನ ಕಣಿವೆಗೆ ಹೋದರೆ, ಬಿಸಿಗಾಳಿಗೆ ಸಾಲ್ಮನ್ ಒಣಹಾಕುವ ಅವರ ಅಟ್ಟಗಳು ಕಾಣುತ್ತವೆ. ನಾವು ಬಿಡುವಿನಲ್ಲಿ ಹಿಡಿಯುತ್ತೇವೆ. ಅವರಿಗೆ ಅದು ಚಳಿಗಾಲದ ಊಟ.

ಇನ್ನೊಂದು ಮಾತು. ಅದೇ ಕಣಿವೆಯ ಹೆಲ್ಸ್ ಗೇಟ್‌ನಲ್ಲಿ, ರೈಲು ದಾರಿ ಕಟ್ಟುವಾಗ 1914ರಲ್ಲಿ ಬಂಡೆ ಕುಸಿದು ನದಿ ಕಿರಿದಾಯಿತು. ಲಕ್ಷಾಂತರ ಸಾಕೈ ಮೇಲೆ ಹತ್ತಲಾಗದೆ ಸತ್ತವು. ಮೀನು ಹತ್ತುವ ಕಾಲುವೆ ಕಟ್ಟಿದ್ದು 1940ರ ದಶಕದಲ್ಲಿ. ಸಾಕೈ ಕಡಿಮೆಯಾದದ್ದಕ್ಕೆ ಅವರ ಬಲೆಯನ್ನು ದೂರುವ ಮೊದಲು ಇದು ನೆನಪಿರಲಿ.

ನವೆಂಬರ್‌ನಲ್ಲಿ ನದಿ ದಡದಲ್ಲಿ ವಾಕಿಂಗ್ ಹೋದರೆ ಸತ್ತ ಮೀನಿನ ನಾತ ತಡೆಯಲಾಗುವುದಿಲ್ಲ. ಯಾಕೆ ಯಾರೂ ಎತ್ತಿ ಹಾಕುವುದಿಲ್ಲ?
– ಹ್ಯಾರಿಸನ್ ಕಡೆಗೆ ಹೊಸದಾಗಿ ಬಂದ ಹಿರಿಯರು

ಸರ್, ದಯವಿಟ್ಟು ಬೇರೆಯವರಿಗೂ ಎತ್ತಲು ಬಿಡಬೇಡಿ. ಆ ಮೀನಿಗಾಗಿಯೇ ನಿಮ್ಮ ಊರಿಗೆ ಹದ್ದುಗಳು ಬರುತ್ತವೆ. ಒಂದು ಬೆಳಿಗ್ಗೆ ಬೈನಾಕ್ಯುಲರ್ ತೆಗೆದುಕೊಂಡು ಹೋಗಿ, ದಡದ ಮರಗಳನ್ನು ನೋಡಿ. ಕೊಳೆತ ಸಾಲ್ಮನ್ ನೀರಿನ ಹುಳುಗಳಿಗೆ ಊಟ. ಆ ಹುಳುಗಳು, ಆ ಮೀನಿನ ಚೂರುಗಳು ಕೋಹೊ ಮರಿಗಳಿಗೆ ಊಟ. ಉಳಿದದ್ದು ದಡದ ಮರಗಳ ಬೇರಿಗೆ ಹೋಗುತ್ತದೆ.

ನಡೆಯುವಾಗ ಒಂದು ಎಚ್ಚರಿಕೆ. ಆಳವಿಲ್ಲದ ನೀರಿನಲ್ಲಿ ಸುತ್ತಲಿನದಕ್ಕಿಂತ ತೊಳೆದಂತೆ ತಿಳಿಯಾದ ಜಲ್ಲಿಯ ಗುಂಡಿ ಕಂಡರೆ ಅಲ್ಲಿ ಕಾಲಿಡಬೇಡಿ. ಹೆಣ್ಣು ಮೀನು ಬಾಲದಿಂದ ಬಡಿದು ತೋಡಿ, ಮೊಟ್ಟೆ ಇಟ್ಟು, ಮೇಲೆ ಜಲ್ಲಿ ಮುಚ್ಚಿದ ಜಾಗ ಅದು. ನಿಮ್ಮ ನಾಯಿಯನ್ನೂ ಆಚೆ ಹಿಡಿದುಕೊಳ್ಳಿ. ಏಪ್ರಿಲ್‌ನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಿ, ದಡದ ಹತ್ತಿರ ನೀರು ನಿಧಾನ ಇರುವ ಕಡೆ ಸ್ವಲ್ಪ ಹೊತ್ತು ಅಲುಗಾಡದೆ ನಿಂತು ನೋಡಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಚಮ್ ಮರಿಗಳು ಸಮುದ್ರದ ಕಡೆ ಹೊರಟಿರುತ್ತವೆ.